ಕೂಡಲಸಂಗಮದ ದಾರಿ, ದಾಸೋಹದ ಲೆಕ್ಕ

ಮಹಾಬಲೇಶ್ವರದಲ್ಲಿ ಹುಟ್ಟಿದ ಕೃಷ್ಣೆಯೂ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಯೂ ಒಂದಾಗುವ ಕೂಡಲಸಂಗಮವನ್ನು ನಮ್ಮ ಕುಟುಂಬಗಳಿಗೆ ಪರಿಚಯಿಸಬೇಕಾದ ಅಗತ್ಯವಿಲ್ಲ. ಬಾಲಕ ಬಸವಣ್ಣನವರು ವಿದ್ಯೆಯನ್ನರಸಿ ಬಂದದ್ದು ಇಲ್ಲಿಗೆ. ಕಲ್ಯಾಣದ ಮಹಾಕಾರ್ಯದ ತರುವಾಯ ಐಕ್ಯರಾದದ್ದೂ ಇಲ್ಲಿಯೇ. ನಾರಾಯಣಪುರ ಜಲಾಶಯದ ಹಿನ್ನೀರು ಸುತ್ತುವರಿದಾಗಲೂ ಐಕ್ಯಮಂಟಪವು ಬಾವಿಯಂತೆ ಕಟ್ಟಿದ ಗೋಡೆಯೊಳಗೆ ಸುರಕ್ಷಿತವಾಗಿ ನಿಂತಿದೆ. ಮೆಟ್ಟಿಲುಗಳನ್ನಿಳಿದು ಅದರ ಸನ್ನಿಧಿಗೆ ಹೋದವರಿಗೆ ಹೊರಗಿನ ಸದ್ದು ಮೇಲೆಯೇ ಉಳಿದುಹೋದ ಅನುಭವವಾಗುತ್ತದೆ.

ಹಿಂದೆ ಇಲ್ಲಿಗೆ ಬರುವವರು ಕೆಲಸಕ್ಕೆ ರಜೆ ಹಾಕಿ ಬರುತ್ತಿದ್ದರು. 2020ರ ಕೊರೋನಾ ಕಾಲದಲ್ಲಿ ಕಚೇರಿಗಳು ಮುಚ್ಚಿ, ಅಂತರ್ಜಾಲದ ಮೂಲಕ ಮನೆಯಿಂದಲೇ ದುಡಿಯುವ ಪದ್ಧತಿ ಬೆಳೆದ ಮೇಲೆ, ಕೆಲವರಿಗಾದರೂ ಕಾಯಕವನ್ನು ಹೆಗಲಿಗೇರಿಸಿಕೊಂಡೇ ಊರೂರು ಸುತ್ತುವುದು ಸಾಧ್ಯವಾಗಿದೆ. ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಉದ್ಯೋಗಿಯಾಗಿರುವ ನನ್ನ ಅಣ್ಣನ ಮಗಳು ಅಂಥವರಲ್ಲಿ ಒಬ್ಬಳು. ಹೀಗೆ ದುಡಿಯುತ್ತ ಮಿತವ್ಯಯದಲ್ಲಿ ಪ್ರವಾಸ ಮಾಡುವವರಿಗೆ ನೆರವಾಗುವ ಆ್ಯಪ್ ಒಂದನ್ನು ಆಕೆ ರೂಪಿಸುತ್ತಿದ್ದಾಳೆ. ಅದರ ಪರೀಕ್ಷೆಗೆಂದು ಮೊದಲು ಆರಿಸಿಕೊಂಡ ಸ್ಥಳವೇ ಕೂಡಲಸಂಗಮ.

ಅಗ್ಗದ ಪ್ರವಾಸವೆಂದರೆ ಅಗ್ಗದ ಟಿಕೆಟ್ ಮಾತ್ರವಲ್ಲ ಎಂಬುದು ದಾರಿಯಲ್ಲಿಯೇ ತಿಳಿಯುತ್ತದೆ. ಹುಬ್ಬಳ್ಳಿಯಿಂದ ಗದಗ, ಬಾದಾಮಿ, ಬಾಗಲಕೋಟೆಗಳ ಮೂಲಕ ವಿಜಯಪುರದತ್ತ ಸಾಗುವ ರೈಲುಮಾರ್ಗದಲ್ಲಿ ಆಲಮಟ್ಟಿ ನಿಲ್ದಾಣ ಸಂಗಮಕ್ಕೆ ಸಮೀಪ. ವಿಜಯಪುರ–ಹೊಸಪೇಟೆ ಹೆದ್ದಾರಿಯ ಬಸ್ಸಿನಲ್ಲಿ ಬಂದರೆ ಕ್ರಾಸ್‌ನಲ್ಲಿ ಇಳಿದು ಒಳಗೆ ಸಾಗಬೇಕು. ನೂರಾರು ಕಿಲೋಮೀಟರ್ ಕಡಿಮೆ ಖರ್ಚಿನಲ್ಲಿ ಬಂದವರು ಕತ್ತಲಾದ ಮೇಲೆ ಈ ಕೊನೆಯ ಸ್ವಲ್ಪ ದಾರಿಗೆ ಆಟೋದವರು ಕೇಳಿದಷ್ಟು ಕೊಡಬೇಕಾದೀತು. ಆದ್ದರಿಂದ ಆ್ಯಪ್ ಮೊದಲು ಹೇಳಬೇಕಾದದ್ದು ಕೊನೆಯ ಬಸ್ಸಿನ ಸಮಯವನ್ನು. ಆ ಮಾಹಿತಿಯನ್ನು ಯಾವ ದಿನ ಪರಿಶೀಲಿಸಲಾಯಿತೆಂಬುದನ್ನೂ ಅದರ ಪಕ್ಕದಲ್ಲಿಯೇ ತೋರಿಸಬೇಕು.

ಕುಟುಂಬದ ಲೆಕ್ಕ ಇನ್ನೂ ಬೇರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರು ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು; ಐಷಾರಾಮಿ ಬಸ್ಸುಗಳಿಗೂ ಗಡಿಯಾಚೆಯ ಪ್ರಯಾಣಕ್ಕೂ ಅದು ಅನ್ವಯಿಸದು. ಹೀಗಾಗಿ ಅತ್ತೆ, ಸೊಸೆ, ಮಗ ಮೂವರೂ ಒಟ್ಟಿಗೆ ಹೊರಟರೆ ಮೂರು ಟಿಕೆಟ್‌ಗಳ ದರವನ್ನು ಸುಮ್ಮನೆ ಕೂಡಿಸುವ ಯಂತ್ರ ತಪ್ಪು ಮೊತ್ತವನ್ನೇ ತೋರಿಸುತ್ತದೆ.

ಇನ್ನೊಂದು ಗುಟ್ಟು ತಂಗುವ ಅವಧಿಯಲ್ಲಿದೆ. ಹೋಗಿಬರುವ ಖರ್ಚು 900 ರೂಪಾಯಿ ಎಂದಿಟ್ಟುಕೊಳ್ಳೋಣ. ಎರಡು ದಿನ ಇದ್ದರೆ ದಿನಕ್ಕೆ 450 ರೂಪಾಯಿ, ಹತ್ತು ದಿನ ಇದ್ದರೆ 90 ರೂಪಾಯಿ ಮಾತ್ರ. ದಿನಕ್ಕೊಂದು ಊರು ನೋಡುವವರ ಹಣವೂ ಕರಗುತ್ತದೆ, ಕೆಲಸವೂ ಕೆಡುತ್ತದೆ. ನೆಲೆನಿಂತು ದುಡಿಯುವವರಿಗೆ ಕೋಣೆಯ ಬಾಡಿಗೆಯಷ್ಟೇ ಮುಖ್ಯವಾದುದು ವಿದ್ಯುತ್ತು, ಮೇಜು, ಮೊಬೈಲ್ ಸಿಗ್ನಲ್ ಮತ್ತು ನಿಶ್ಶಬ್ದ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಕೆಲಸವನ್ನು ಬೆಳಗಿನ ತಂಪಿಗೆ ಹೊಂದಿಸಿಕೊಳ್ಳುವುದು ಲೇಸು. ಸಿಗ್ನಲ್ ಇಲ್ಲದಿರುವಾಗಲೂ ತೆರೆದುಕೊಳ್ಳುವ, ಕನ್ನಡದಲ್ಲಿಯೇ ಓದಬಹುದಾದ ಆ್ಯಪ್ ಇದ್ದರೆ ಮನೆಯ ಹಿರಿಯರೂ ಅದನ್ನು ಬಳಸಿಯಾರು.

ಬಿಡುವಿನ ದಿನ ಮಲಪ್ರಭೆಯ ಜಾಡು ಹಿಡಿದರೆ ಸಾಕು. ಸಂಗಮವನ್ನು ಸೇರುವ ಮುನ್ನ ಆ ನದಿ ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿಯೇ ಹರಿದು ಬಂದಿರುತ್ತದೆ. ಪಟ್ಟದಕಲ್ಲಿನ ದೇಗುಲಗಳು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇನ್ನೊಂದು ದಿಕ್ಕಿಗೆ ಇಳಕಲ್ಲು. ಮೈಯನ್ನೂ ಸೆರಗನ್ನೂ ಕೊಂಡಿ ಹಾಕಿ ಜೋಡಿಸುವ ಅಲ್ಲಿಯ ಕೈಮಗ್ಗದ ಸೀರೆ ಲೋಕಪ್ರಸಿದ್ಧ. ಮಿತವ್ಯಯದ ಹೆಸರಿನಲ್ಲಿ ನೇಕಾರನೊಡನೆ ಚೌಕಾಸಿಗೆ ನಿಂತರೆ ಉಳಿಯುವುದು ನಮ್ಮ ಹಣ, ಕಡಿಮೆಯಾಗುವುದು ಆತನ ಕಾಯಕದ ಬೆಲೆ.

ಈ ಮಾತು ಊಟದ ವಿಚಾರಕ್ಕೆ ಇನ್ನೂ ಹೆಚ್ಚು ಸಲ್ಲುತ್ತದೆ. ಆ್ಯಪ್‌ನ ಮೊದಲ ನಕ್ಷೆಯಲ್ಲಿ ದಾಸೋಹ ಭವನದ ಮುಂದೆ ‘ಊಟ: 0 ರೂಪಾಯಿ’ ಎಂದು ನಮೂದಾಗಿತ್ತು. ಅದನ್ನು ಓದಿಸಿಕೊಂಡು ಕೇಳಿದ ನಮ್ಮ ತಾಯಿಯವರು ಮೊಮ್ಮಗಳನ್ನು, “ಸೊನ್ನಿ ಅಂತ ಯಾಕ ಬರದೀಯವಾ? ಅಕ್ಕಿ ಬ್ಯಾಳಿ ಯಾರರೆ ಕೊಟ್ಟಿರತಾರಲ್ಲಾ?” ಎಂದು ಕೇಳಿದರು.

ಆ ಪ್ರಶ್ನೆಯಲ್ಲಿ ವಿಷಯದ ತಿರುಳೇ ಇತ್ತು. ದಾಸೋಹವೆಂಬುದು ಧರ್ಮಾರ್ಥದ ಪುಕ್ಕಟೆ ಊಟವಲ್ಲ. ಒಬ್ಬರ ಕಾಯಕದ ಫಲ ಸಮಾಜಕ್ಕೆ ಸಂದು, ಅಲ್ಲಿಂದ ಹಸಿದವರ ಎಲೆಗೆ ಬರುವ ವ್ಯವಸ್ಥೆ ಅದು. ಪ್ರಸಾದವನ್ನು ಸ್ವೀಕರಿಸಲು ಬಡವ–ಬಲ್ಲಿದರೆಂಬ ಭೇದವಿಲ್ಲ, ನಿಜ. ಆದರೆ ತಿಂಗಳ ಸಂಬಳ ಪಡೆಯುವವರು ವಾರಗಟ್ಟಲೆ ಅಲ್ಲಿಯೇ ಉಂಡು, ಅದನ್ನು ಉಳಿತಾಯವೆಂದು ಬರೆದುಕೊಂಡರೆ ಆ ವ್ಯವಸ್ಥೆಯ ಒಂದು ತುದಿ ಕಡಿದಂತಾಗುತ್ತದೆ. ಸೊನ್ನೆಯನ್ನು ಕಂಡು ಸಾವಿರ ಜನ ಅಗ್ಗದ ಹೋಟೆಲೆಂದು ನುಗ್ಗಿದರೆ ದೂರದ ಹಳ್ಳಿಯಿಂದ ಬಂದ ಯಾತ್ರಿಕನಿಗೆ ಪಂಕ್ತಿಯಲ್ಲಿ ಸ್ಥಳವೆಲ್ಲಿ? ಯಾತ್ರಿನಿವಾಸದ ಕೋಣೆಗಳಿಗೂ ಇದೇ ನ್ಯಾಯ. ಜನವರಿಯ ಶರಣ ಮೇಳ, ಬಸವ ಜಯಂತಿಗಳಂಥ ಜನಸಂದಣಿಯ ದಿನಗಳಲ್ಲಿ ಕಂಪ್ಯೂಟರ್ ಹಿಡಿದವರು ಕೋಣೆ ತೆರವು ಮಾಡಿ ಯಾತ್ರಿಕರಿಗೆ ಬಿಟ್ಟುಕೊಡುವುದೇ ಸಜ್ಜನಿಕೆ.

ಈಗ ಆ ನಕ್ಷೆ ಬದಲಾಗಿದೆ. ಊಟದ ಖಾನೆಯಲ್ಲಿ ಅಂಕಿಯ ಬದಲು ‘ದಾಸೋಹ’ ಎಂಬ ಪದವಿದೆ. ಅದರ ಕೆಳಗೆ ಕಾಣಿಕೆ ಸಲ್ಲಿಸುವ, ಬಡಿಸುವ ಸೇವೆಗೆ ನಿಲ್ಲುವ ಸೂಚನೆಯಿದೆ. ಹಬ್ಬದ ದಿನಗಳಲ್ಲಿ ದೀರ್ಘಕಾಲ ತಂಗುವ ಊರುಗಳ ಪಟ್ಟಿಯಿಂದ ಸಂಗಮದ ಹೆಸರು ತಾನಾಗಿಯೇ ಮರೆಯಾಗುತ್ತದೆ. ಪ್ರವಾಸದ ಒಟ್ಟು ವೆಚ್ಚ ಇದರಿಂದ ತುಸು ಹೆಚ್ಚಾಗಿ ಕಾಣುವುದರಿಂದ ಬೇರೆ ಆ್ಯಪ್‌ಗಳೊಡನೆ ಸ್ಪರ್ಧಿಸುವುದು ಕಷ್ಟವಾದೀತೆಂಬ ಅಳುಕು ಆಕೆಗಿದೆ. ಆದರೂ ಆ ಖಾನೆಯನ್ನು ಹಾಗೆಯೇ ಉಳಿಸಿಕೊಂಡಿದ್ದಾಳೆ.

ಮಂಗಳವೇಡೆಯಲ್ಲಿ ಕರಣಿಕರಾಗಿ ಲೆಕ್ಕ ಬರೆದು ಕಾಯಕ ಆರಂಭಿಸಿದವರು ಬಸವಣ್ಣನವರು. ಅವರ ಐಕ್ಯಸ್ಥಳಕ್ಕೆ ದಾರಿ ತೋರಿಸುವ ಲೆಕ್ಕದ ಪುಸ್ತಕದಲ್ಲಿ ಪಡೆದದ್ದೂ ಕೊಟ್ಟದ್ದೂ ಎರಡೂ ಇರಬೇಕಾದದ್ದು ಸಹಜ. ಮಕ್ಕಳು ಇಂಥ ಪ್ರವಾಸಕ್ಕೆ ಹೊರಟಾಗ ಎಷ್ಟು ಉಳಿಯಿತೆಂದು ಕೇಳುವ ಹಿರಿಯರು, ಅಲ್ಲಿ ಏನನ್ನು ಕೊಟ್ಟು ಬಂದಿರಿ ಎಂಬುದನ್ನೂ ಕೇಳುವಂತಾಗಲಿ.