ವಾಡಿಯಲ್ಲಿ ಏಕತಾರಿಯ ದಂಡಿ

ಕಲಬುರಗಿಯಿಂದ ದಕ್ಷಿಣಾಭಿಮುಖವಾಗಿ ಹೊರಟ ರೈಲುಗಾಡಿಯು ಕಾಗಿಣಾ ನದಿಯನ್ನು ದಾಟಿ ಒಂದು ತಾಸಿನೊಳಗಾಗಿ ವಾಡಿಯನ್ನು ಸೇರುತ್ತದೆ. ಮುಂಬಯಿಯಿಂದ ಚೆನ್ನೈಗೆ ಹೋಗುವ ಕಬ್ಬಿಣದ ಹಾದಿಯು ಹೈದರಾಬಾದಿನ ಕಡೆಗೆ ಕವಲೊಡೆಯುವುದು ಇಲ್ಲಿಯೇ. ನಿಜಾಮರ ರಾಜ್ಯದ ಆ ಕವಲು 1874ರಲ್ಲಿ ತೆರೆದಂದಿನಿಂದ ವಾಡಿಯೆಂದರೆ ಗಾಡಿ ಬದಲಿಸುವ ಸ್ಥಳವೆಂದೇ ಜನರ ಎಣಿಕೆ. ನಾವೂ ಎಷ್ಟೋ ಸಲ ಅರ್ಧರಾತ್ರಿಯಲ್ಲಿ ಇಲ್ಲಿಯ ಕಲ್ಲುಹಾಸಿನ ಮೇಲೆ ಗಂಟುಮೂಟೆಗಳ ನಡುವೆ ಕುಳಿತು ಚಹಾ ಕುಡಿದಿದ್ದೇವೆ. ಊರನ್ನು ಮಾತ್ರ ಕಂಡಿರಲಿಲ್ಲ. ಈ ಸಲ ಸ್ಟೇಷನ್ನಿನಿಂದ ಹೊರಗೆ ಬಿದ್ದುದಕ್ಕೆ ಕಾರಣ ನಮ್ಮದೇ ಒಂದು ತಪ್ಪು. ಅದನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ವಾಡಿಯ ನೆಲ ಕಲ್ಲಿನ ನೆಲ. ಶಹಾಬಾದಿನ ಹೆಸರಿನಿಂದ ದೂರದೂರಕ್ಕೆ ಹೋಗುವ ಪರಸಿಯು ಈ ಸೀಮೆಯಲ್ಲಿ ಭೂಮಿಯೊಳಗೆ ಹಳೆಯ ಗ್ರಂಥದ ಹಾಳೆಗಳಂತೆ ಪದರಪದರವಾಗಿ ಮಲಗಿದೆ. ಮನೆಯ ಹಾಸು ಕಲ್ಲು, ಗೋಡೆ ಕಲ್ಲು, ಎಷ್ಟೋ ಮನೆಗಳ ಮಾಳಿಗೆಯೂ ಕಲ್ಲು. ಅದೇ ಸುಣ್ಣಗಲ್ಲನ್ನು ಅರೆದು ಸುಟ್ಟು ಸಿಮೆಂಟು ಮಾಡುವ ಉದ್ಯಮವು ಇಲ್ಲಿ ಬೇರೂರಿ ಅರ್ಧ ಶತಮಾನ ಮೀರಿತು. ಕಲ್ಲಿಗೆ ಇಷ್ಟು ಸಮೃದ್ಧಿಯಿರುವಲ್ಲಿ ಮರಕ್ಕೆ ದಾರಿದ್ರ್ಯ. ಬೇವು, ಜಾಲಿ, ಅಲ್ಲೊಂದು ಇಲ್ಲೊಂದು ಹುಣಿಸೆ. ಅದಕ್ಕೆ ಮೀರಿದ್ದು ಬೇಕಾದರೆ ಜನರು ಚಿಂಚೋಳಿಯ ಕಾಡಿನ ಹೆಸರು ಹೇಳುತ್ತಾರೆ. ಆದರೆ ಅದು 2011ರಿಂದ ವನ್ಯಜೀವಿಧಾಮ. ಅಲ್ಲಿ ಕೊಡಲಿ ಎತ್ತುವಂತಿಲ್ಲ. (ಕವಲಿನ ಹಾದಿಯಲ್ಲಿ ಚಿತ್ತಾಪುರವನ್ನು ಕಳೆದು ಮುಂದೆ ಹೋದರೆ ಮಳಖೇಡ, ನೃಪತುಂಗನ ಮಾನ್ಯಖೇಟ. ಸಂಸ್ಕೃತ ಓದಿದವನ ಕಾಲು ತಾನಾಗಿಯೇ ಅತ್ತ ಎಳೆಯುತ್ತದೆ. ಈ ಸಲ ಕಾಲನ್ನು ಗದರಿಸಿ ನಿಲ್ಲಿಸಿದೆವು.)

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯು ವಾಡಿಗೆ ಹೊಂದಿದ ಹಳ್ಳಿಯಲ್ಲಿದೆ. ಅವನ ತಂದೆ ಎಂಬತ್ತರ ಸಮೀಪದ ವೃದ್ಧರು. ಕಡಕೋಳದ ಮಡಿವಾಳಪ್ಪನವರ ತತ್ತ್ವಪದಗಳನ್ನು ಏಕತಾರಿಯ ಮೇಲೆ ಹಾಡುವವರು. ಅಮಾವಾಸ್ಯೆಯ ರಾತ್ರಿ ಮಠದಲ್ಲಿ ಇವರು ತಂತಿಯನ್ನು ಮೀಟಿದ ಬಳಿಕವೇ ಮಿಕ್ಕವರು ಬಾಯಿ ತೆರೆಯುವುದು ವಾಡಿಕೆ. ಎರಡು ವರ್ಷಗಳ ಹಿಂದೆ ಆ ಏಕತಾರಿಯು ಗೂಟದಿಂದ ಜಾರಿಬಿದ್ದು ಸೋರೆಬುರುಡೆ ಒಡೆಯಿತು, ಬಿದಿರಿನ ದಂಡಿ ಸೀಳಿತು. ಮಗನು ಪೇಟೆಯಿಂದ ಹೊಸದನ್ನು ತಂದುಕೊಟ್ಟನು. ವೃದ್ಧರು ಒಮ್ಮೆ ಮೀಟಿ ನೋಡಿ, “ಇದಕ್ಕ ದನಿ ಇಲ್ಲ” ಎಂದಷ್ಟೇ ಹೇಳಿ ಗೋಡೆಗೆ ತೂಗುಹಾಕಿದರು. ಅಂದಿನಿಂದ ಮಠಕ್ಕೆ ಹೋಗುವುದನ್ನೂ ಬಿಟ್ಟರು. ಹದಿಮೂರು ವರ್ಷದ ಮೊಮ್ಮಗನು, ಮುತ್ಯಾನಿಗೆ ತಾನೇ ಒಂದು ವಾದ್ಯವನ್ನು ಮಾಡಿಕೊಡುವೆನೆಂದು ಹಟ ತೊಟ್ಟನು.

ಬುರುಡೆಗೆ ಬದಲಾಗಿ ಅವನಿಗೆ ದೊರೆತದ್ದು ಒಂದು ಸಿಗಾರ್ ಪೆಟ್ಟಿಗೆ. ವೃದ್ಧರ ತಂದೆಯವರು ಸ್ಟೇಷನ್ನಿನಲ್ಲಿ ಕಂದೀಲು ಒರೆಸುವ ಕೆಲಸದಲ್ಲಿದ್ದಾಗ ಬಿಳಿಯ ಡ್ರೈವರನೊಬ್ಬನು ಕೊಟ್ಟ ಖಾಲಿ ಪೆಟ್ಟಿಗೆಯದು. ಮನೆಯವರು ಅದರಲ್ಲಿ ಹೊಲದ ಕಾಗದಪತ್ರಗಳನ್ನು ಇಟ್ಟಿದ್ದರು. ನಾಲ್ಕು ವರ್ಷಗಳ ಹಿಂದೆ ಹೊಲವು ಕಲ್ಲಿನ ಗಣಿಗಾಗಿ ಮಾರಾಟವಾಯಿತು. ಕಾಗದಗಳು ಹೋದವು, ಪೆಟ್ಟಿಗೆ ಉಳಿಯಿತು.

ಈ ಪೆಟ್ಟಿಗೆಯನ್ನು ಹುಡುಗನ ಆಟವೆಂದು ನಗುವಂತಿಲ್ಲ. ಅಮೆರಿಕದ ಬಡಜನರು ಹತ್ತೊಂಬತ್ತನೆಯ ಶತಮಾನದಿಂದ ಇಂತಹ ಪೆಟ್ಟಿಗೆಗಳಿಗೆ ಒಂದು ಕೋಲನ್ನು ಚುಚ್ಚಿ ತಂತಿ ಬಿಗಿದು ಹಾಡಿಕೊಂಡಿದ್ದಾರೆ. ಅಲ್ಲಿಯ ಅಂತರ್ಯುದ್ಧದ ಬಿಡಾರಗಳನ್ನು ಕಣ್ಣಾರೆ ಕಂಡ ಚಿತ್ರಕಾರ ಎಡ್ವಿನ್ ಫೋರ್ಬ್ಸನು 1876ರಲ್ಲಿ ಪ್ರಕಟಿಸಿದ ಚಿತ್ರವೊಂದರಲ್ಲಿ ಸೈನಿಕನೊಬ್ಬನು ಸಿಗಾರ್ ಪೆಟ್ಟಿಗೆಯ ಪಿಟೀಲನ್ನು ಬಾರಿಸುತ್ತಿದ್ದಾನೆ. ಸಿಗಾರಿಗೆ ಆ ಕಡೆಯಲ್ಲಿ ಬಳಸುವ ಸುಗಂಧದ ಮರವಾದ ಸೆಡ್ರೆಲಾ, ನಮ್ಮ ದೇಶದಲ್ಲಿ ಅದೇ ಕೆಲಸಕ್ಕೆ ಬಂದ ತುನ್ ಮರ, ಇವೆರಡೂ ನಮ್ಮ ಬೇವಿನ ಕುಲದವೇ. ಮಿರಜದ ಕುಶಲಿಗಳು ಸಿತಾರು ತಂಬೂರಿಗಳಿಗೆ ಆರಿಸುವುದೂ ತುನ್ ಮರವನ್ನೇ. ಹುಡುಗನ ಪೆಟ್ಟಿಗೆಯ ಹಲಗೆ ತೆಳುವು, ಕೆಂಪು, ಹಗುರ. ಬೆರಳಿನಿಂದ ತಟ್ಟಿದರೆ ಮಾತನಾಡುತ್ತದೆ. ಆದಕಾರಣ ಒಡಲಿನ ಚಿಂತೆಯಿರಲಿಲ್ಲ. ಚಿಂತೆಯೆಲ್ಲ ದಂಡಿಯದು. ಬೆರಳೊತ್ತಿ ಸ್ವರ ಹಿಡಿಯಲು ಅನುಕೂಲವಾದ ಚಪ್ಪಟೆಯ ದಂಡಿ ಹುಡುಗನಿಗೆ ಬೇಕಾಗಿತ್ತು. ಯಾವ ಮರದಿಂದ ಮಾಡಿಸಬೇಕೆಂದು ಅವನು ನಮಗೆ ಪತ್ರ ಬರೆದು ಕೇಳಿದನು.

ಹಳೆಯ ಮಾಸ್ತರನಿಗೆ ಪ್ರಶ್ನೆ ಬಂದರೆ ಪುಸ್ತಕದ ಕಪಾಟಿಗೆ ಕೈ ಹೋಗುವುದು ಸಹಜ. ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿ ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವನು ರಚಿಸಿದ ‘ಸಂಗೀತರತ್ನಾಕರ’ದ ವಾದ್ಯಾಧ್ಯಾಯದಲ್ಲಿ ಏಕತಂತ್ರೀವೀಣೆಯ ಲಕ್ಷಣವಿದೆ. ದಂಡವು ಖದಿರದ್ದಾಗಿರಬೇಕು, ಮೂರು ಹಸ್ತ ಉದ್ದವಿರಬೇಕು, ಗಂಟು ಬಿರುಕುಗಳಿಲ್ಲದೆ ನುಣುಪಾಗಿರಬೇಕು ಎಂದು ಅವನ ವಿಧಿ. ನಾವು ಹುಡುಗನಿಗೆ ಬರೆದದ್ದು ಇಷ್ಟೇ: “ಖದಿರವು ಶ್ರೇಷ್ಠ, ಕನ್ನಡದಲ್ಲಿ ಕಗ್ಗಲಿ, ಕಾಚಿನ ಮರ.” ಗಂಟು ಬಿರುಕುಗಳ ಮಾತನ್ನು ಬಿಟ್ಟೆವು. ಮರದ ಹೆಸರೇ ವಿದ್ವತ್ತಿನ ಭಾಗ, ಉಳಿದದ್ದು ಬಡಿಗನ ಮಾತು ಎಂದು ನಮ್ಮ ಮನಸ್ಸು ಒಳಗೊಳಗೇ ವಿಂಗಡಿಸಿದ್ದಿರಬೇಕು.

ಹುಡುಗನಿಗೆ ಕಗ್ಗಲಿ ಸಿಗಲಿಲ್ಲ. ಅದರ ದಾಯಾದಿಯೆಂದು ಯಾರೋ ಹೇಳಿದ್ದರಿಂದ ಹಳ್ಳದ ದಂಡೆಯ ಜಾಲಿಯ ಟೊಂಗೆಯೊಂದನ್ನು ಕಡಿದು ತಂದು, ಸಿಪ್ಪೆ ತೆಗೆದು, ಒಂದು ಮಗ್ಗುಲನ್ನು ಉಜ್ಜಿ ಚಪ್ಪಟೆ ಮಾಡಿ, ಪೆಟ್ಟಿಗೆಗೆ ತೊಡಿಸಿ ಉಕ್ಕಿನ ತಂತಿಯನ್ನು ಬಿಗಿದನು. ಮೊದಲ ವಾರ ವೃದ್ಧರು ಮಂಚದ ಮೇಲೆ ಕುಳಿತು ಎರಡು ಪದ ಹಾಡಿದರಂತೆ. ಒಂದೂವರೆ ತಿಂಗಳಲ್ಲಿ ದಂಡಿಯು ಬಿಲ್ಲಿನಂತೆ ಬಾಗಿ, ತಿರುಚಿ, ತಲೆಯಿಂದ ನಡುವಿನವರೆಗೆ ಸೀಳಿತು. ವೃದ್ಧರು ಏನೂ ಅನ್ನಲಿಲ್ಲ. ಹುಡುಗನು, ಮಾಸ್ತರರು ಹೇಳಿದ ಮರವನ್ನು ತಾನು ತರಲಿಲ್ಲವಾದ್ದರಿಂದ ಹೀಗಾಯಿತೆಂದು ತಪ್ಪನ್ನೆಲ್ಲ ತನ್ನ ತಲೆಯ ಮೇಲೆ ಹಾಕಿಕೊಂಡು ನಮಗೆ ಕ್ಷಮಾಪಣೆಯ ಕಾಗದ ಬರೆದನು. ಆ ಕಾಗದವನ್ನು ಓದಿದ ಮೇಲೆ ನಮಗೆ ಮನೆಯಲ್ಲಿ ಕುಳ್ಳಿರಲಾಗಲಿಲ್ಲ.

ಹಳ್ಳಿಯ ಬಡಿಗನು ಸೀಳಿದ ದಂಡಿಯನ್ನು ಬೆಳಕಿಗೆ ಹಿಡಿದು ನೋಡಿದನು. “ಜಾಲಿ ಕೆಟ್ಟ ಕಟ್ಟಗಿ ಅಲ್ರಿ ಮಾಸ್ತರ್ರ. ಬಂಡಿ ಇದರ ಮ್ಯಾಲೇ ನಡೀತದ. ಆದ್ರ ಇದು ಹಸಿ ಟೊಂಗಿ, ನಟ್ಟನಡುವ ತಿರುಳ ಅದ. ತಿರುಳಿದ್ದದ್ದು ಸೀಳೇ ಸೀಳ್ತದ” ಎಂದನು. ಇದಕ್ಕೆ ಶಾಸ್ತ್ರವೂ ಉಂಟು. ಹಸಿಯ ಮರವು ಒಣಗುವಾಗ ಉದ್ದದಲ್ಲಿ ಬಹುಮಟ್ಟಿಗೆ ಕುಗ್ಗುವುದಿಲ್ಲ, ಅಡ್ಡಲಾಗಿ ಕುಗ್ಗುತ್ತದೆ. ಅದರಲ್ಲಿಯೂ ವರ್ಷದ ಬಳೆಗಳ ಸುತ್ತಿನ ದಿಕ್ಕಿನಲ್ಲಿ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗಿನ ಸುಮಾರು ಇಮ್ಮಡಿ. ತಿರುಳನ್ನು ಒಳಗಿಟ್ಟುಕೊಂಡ ಕೋಲು ಈ ಜಗಳವನ್ನು ತಾಳಲಾರದೆ ಬಿರಿಯುತ್ತದೆ. ಅದರ ಮೇಲೆ ತಂತಿಯ ಎಳೆತ ಬೇರೆ: ಒಂದೇ ಉಕ್ಕಿನ ತಂತಿಯೂ ಹಗಲೂ ರಾತ್ರಿ ಹಲವು ಕಿಲೋಗ್ರಾಮಿನ ತೂಕದಿಂದ ದಂಡಿಯ ತಲೆಯನ್ನು ಜಗ್ಗುತ್ತಿರುತ್ತದೆ.

ಅನಂತರ ಬಡಿಗನು ತನ್ನಲ್ಲಿದ್ದುದನ್ನೆಲ್ಲ ತೋರಿಸಿದನು. ಸಾಮಾನು ತುಂಬಿ ಬಂದ ಪೆಟ್ಟಿಗೆಗಳ ಬಿಳಿಯ ಹಲಗೆ: ಗಂಟುಗಳೇ ಹೆಚ್ಚು. ಮಾವು: ಹುಳುವಿಗೆ ಪ್ರಿಯ. ನೀಲಗಿರಿ: ಒಣಗುವಾಗ ತಿರುಚುವ ಚಪಲ. ಬೇವಿಗೆ ಅವನು ಅರ್ಧ ಒಪ್ಪಿದನು. ಆದರೆ ಅವನಲ್ಲಿದ್ದ ತುಂಡಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಉಳಿ ಹಚ್ಚಿದಲ್ಲಿ ಕಿತ್ತುಬರುತ್ತಿದ್ದವು. ರೈಲುಹಳಿಯ ಕೆಳಗಿನ ಹಳೆಯ ಮರದ ಸ್ಲೀಪರಿನ ಮೇಲೆ ಹುಡುಗನಿಗೆ ಬಹಳ ಆಸೆಯಿತ್ತು. ಬಡಿಗನು ಅದನ್ನು ಮೂಗಿಗೆ ಹಿಡಿಸಿದನು. ಡಾಮರಿನಂಥ ಎಣ್ಣೆಯ ನಾತ, ಮೊಳೆಗಳ ತೂತು. ಬಿದಿರಾದರೂ ಆದೀತೆಂದು ನಾವೆಂದರೆ, ಪೇಟೆಯ ಬಿದಿರು ಎಳೆಯದಾಗಿಯೇ ಕಡಿದದ್ದು, ಒಳಗಿನ ಹಿಟ್ಟಿಗೆ ಹುಳು ಬೀಳುವುದೆಂದು ತಳ್ಳಿಹಾಕಿದನು.

ಮರದ ಪದರವು ಹೇಗಿರಬೇಕೆಂಬುದನ್ನು ಅವನು ಕಲಿಸಿದ ರೀತಿ ಈ ನೆಲಕ್ಕೆ ತಕ್ಕದ್ದಾಗಿತ್ತು. ಅಂಗಳದಲ್ಲಿ ಬಿದ್ದಿದ್ದ ಎರಡು ಪರಸಿಯ ಚೂರುಗಳನ್ನು ಒಂದರ ಮೇಲೊಂದಿಟ್ಟು, “ಹಿಂಗ ಮಲಗಿದ್ರ ಬಾಗ್ತದ” ಎಂದನು. ಅವನ್ನೇ ಅಂಚಿನ ಮೇಲೆ ನಿಲ್ಲಿಸಿ, “ಹಿಂಗ ನಿಂತಿದ್ರ ತಡೀತದ. ಬೆರಳೂರೋ ಮಗ್ಗಲಿಗೆ ಪದರ ನಿಂತಿರಬೇಕು” ಎಂದನು. ನಲವತ್ತು ವರ್ಷ ಉದಾಹರಣೆಗಳನ್ನು ಹೇಳಿ ಹೊಟ್ಟೆ ಹೊರೆದ ನಮಗೆ ಇಂಥದೊಂದು ಉದಾಹರಣೆ ಎಂದೂ ಹೊಳೆದಿರಲಿಲ್ಲ.

ವೃದ್ಧರು ಅಷ್ಟು ಹೊತ್ತೂ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರು. ಒಮ್ಮೆಗೇ, “ಕೊಟ್ಟಗ್ಯಾಗ ಕೂರಿಗಿ ಈಸು ಅದ. ಸಾಗವಾನಿ. ಅದನ್ನ ನೋಡ್ರಿ” ಎಂದರು. ಮಗನ ಮುಖ ಇಳಿಯಿತು. ತೊಗರಿ ಜೋಳಗಳನ್ನು ಎರಡು ತಲೆಮಾರು ಬಿತ್ತಿದ ಕೂರಿಗೆಯ ಈಸು. ಹೊಲ ಹೋದ ಮೇಲೆಯೂ ಎಳ್ಳಮಾವಾಸ್ಯೆಗೆ ಮನೆಯವರು ಅದಕ್ಕೆ ಕುಂಕುಮ ಹಚ್ಚುತ್ತಾರೆ. ಚರಗ ಚೆಲ್ಲುವುದಕ್ಕೆ ಹೊಲವಿಲ್ಲವೆಂದು ಕೊಟ್ಟಿಗೆಯ ಬಾಗಿಲಲ್ಲಿಯೇ ನಾಲ್ಕು ಕಾಳು ಚೆಲ್ಲುತ್ತಾರೆ. “ಬ್ಯಾಡ ಯಪ್ಪಾ, ಅದಿರಲಿ. ಸಾಗವಾನಿ ಕಲಬುರಗ್ಯಾಗ ಸಿಗ್ತದ, ನಾ ತರ್ತೀನಿ” ಎಂದು ಮಗನು ಹೇಳಿದನು. ವೃದ್ಧರು, “ಅದನ್ನಿಟ್ಕೊಂಡು ಯಾರ ಹೊಲ ಬಿತ್ತಲಿ?” ಎಂದರು. ಮಗನು ಎದ್ದು ಹೊರಗೆ ಹೋದನು. ನಡುವೆ ಮಾತನಾಡುವ ಅಧಿಕಾರ ನಮಗಿರಲಿಲ್ಲ, ಸುಮ್ಮನಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೊಟ್ಟಿಗೆಯಿಂದ ಈಸನ್ನು ಹೆಗಲ ಮೇಲೆ ಹೊತ್ತು ತಂದು ಅಂಗಳದಲ್ಲಿಟ್ಟನು.

ಸಂಸ್ಕೃತದಲ್ಲಿ ಶಾಕವೆನಿಸಿದ ಈ ಮರದೊಳಗಿನ ಎಣ್ಣೆಯು ಹುಳುವನ್ನು ದೂರವಿಡುತ್ತದೆ. ಒಣಗಿದ ಮೇಲೆ ಮಳೆ ಬಿಸಿಲುಗಳಿಗೆ ಇದು ಹೆಚ್ಚು ಅಲುಗಾಡುವುದಿಲ್ಲ. ಅಂಗುಲ ದಪ್ಪಕ್ಕೆ ವರ್ಷದಷ್ಟು ಒಣಗಿಸಬೇಕೆಂದು ಬಡಿಗರ ಲೆಕ್ಕ. ಇದು ಅರುವತ್ತು ವರ್ಷ ಒಣಗಿದ್ದು. ಬಡಿಗನು ತುದಿಗೆ ಕಣ್ಣಿಟ್ಟು ನೋಡಿದನು, ಬೆರಳ ಗೆಣ್ಣಿನಿಂದ ಉದ್ದಕ್ಕೂ ಬಡಿಯುತ್ತ ಹೋದನು. ಒಂದು ತುದಿಗೆ ಬೆಣೆಯ ತೂತುಗಳು, ಇನ್ನೊಂದಕ್ಕೆ ನೊಗದ ಹಗ್ಗ ತಿಂದ ಗುರುತು. ನಡುವಿನ ನಿರ್ದೋಷವಾದ ಭಾಗವು ಎರಡು ಹಸ್ತಕ್ಕೆ ಎರಡು ಅಂಗುಲ ಕಡಿಮೆ. ಶಾರ್ಙ್ಗದೇವನ ಮೂರು ಹಸ್ತ ಇಲ್ಲಿ ಪೂರೈಸಲಿಲ್ಲ. ವೃದ್ಧರು ಗೇಣಿನಿಂದ ತಾವೇ ಅಳೆದು, ಗರಗಸ ಬೀಳಬೇಕಾದ ಕಡೆಗಳಲ್ಲಿ ಉಗುರಿನಿಂದ ಗೀರಿದರು. ಹಗ್ಗದ ಗುರುತಿದ್ದ ತುಂಡನ್ನು ಮಾತ್ರ ಒಳಗಿಡುವಂತೆ ಸೊಸೆಗೆ ಹೇಳಿದರು.

ಕೊಯ್ದ ಮರವನ್ನು ಎಂಟು ದಿನ ನೆರಳಿನಲ್ಲಿ ತೂಗುಹಾಕಿಯೇ ಮುಂದಿನ ಕೆಲಸವೆಂದು ಬಡಿಗನು ಹೇಳಿದ್ದರಿಂದ ವಾದ್ಯದ ದನಿಯನ್ನು ಕೇಳದೆಯೇ ನಾವು ಗಾಡಿ ಹತ್ತಬೇಕಾಯಿತು. ಸೀಳಿದ ಜಾಲಿಯ ಕೋಲನ್ನು ಹುಡುಗನಿಂದ ಕೇಳಿ ತಂದಿದ್ದೇವೆ; ಅದು ನಮ್ಮ ಮೇಜಿನ ಮೇಲೆ ‘ಸಂಗೀತರತ್ನಾಕರ’ದ ಪಕ್ಕದಲ್ಲಿದೆ.

ಮೊನ್ನೆ ಅವನ ಕಾಗದ ಬಂದಿತು. ದಂಡಿ ನೆಟ್ಟಗೆ ನಿಂತಿದೆಯಂತೆ. ಮುತ್ಯಾ ಅಮಾವಾಸ್ಯೆಗೆ ಮಠಕ್ಕೆ ಹೋಗಿ ಬೆಳಗಿನ ಕೋಳಿ ಕೂಗುವವರೆಗೆ ಹಾಡಿದರಂತೆ. ಆದರೆ ಬಿರಡೆ ನಿಲ್ಲದು, ಪದದ ನಡುವೆ ಸಡಿಲಾಗುತ್ತದೆ. ಬಿರಡೆಗೆ ಯಾವ ಕಟ್ಟಿಗೆ ಒಳ್ಳೆಯದೆಂದು ಪುಸ್ತಕದಲ್ಲಿ ನೋಡಿ ತಿಳಿಸಬೇಕೆಂದು ಕೇಳಿದ್ದಾನೆ. ಉತ್ತರವನ್ನು ಇನ್ನೂ ಬರೆದಿಲ್ಲ. ನಮ್ಮೂರಿನ ಬಡಿಗನು ಸಂತೆಗೆ ಹೋಗಿದ್ದಾನೆ. ಅವನು ಬರುವುದನ್ನು ಕಾಯುತ್ತಿದ್ದೇವೆ.