ಐರೋಲಿ ಸರ್ಕಲ್‌ನಲ್ಲಿ ಒಂದು ಲಿಫ್ಟು

ಜೂನ್ ತಿಂಗಳ ಬೆಳಗ್ಗೆ. ಒಂಬತ್ತಾಗುತ್ತ ಬಂದಿದೆ, ನೀವಿನ್ನೂ ಮುಂಬೈ ಹತ್ತಿರದ ಐರೋಲಿ ಸರ್ಕಲ್‌ನಲ್ಲೇ ಇದ್ದೀರಿ. ಕೊಡೆ ಬಿಚ್ಚಿದರೂ ಮಳೆ ಅಡ್ಡಡ್ಡ ಹೊಡೆಯುತ್ತಿದೆ. ಪ್ಯಾಂಟು ಮೊಣಕಾಲಿನವರೆಗೆ ಚರ್ಮಕ್ಕಂಟಿದೆ. ಕಾಲ್ಬೆರಳು ಆಡಿಸಿದರೆ ಬೂಟಿನೊಳಗೆ ನೀರು ಪಿಚಕ್ಕೆನ್ನುತ್ತದೆ. ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕೆಸರಿನ ಉಪ್ಪುವಾಸನೆಗೆ ಡೀಸೆಲ್ ಹೊಗೆ ಬೆರೆತು ಗಂಟಲಲ್ಲಿ ಕೂತಿದೆ.

ಹೋಗಬೇಕಾದದ್ದು ಮುಲುಂಡ್‌ಗೆ. ಖಾಡಿಯ ಮೇಲಿನ ಸೇತುವೆ ದಾಟಿದರೆ ಆಯಿತು. ಆದರೆ ರೈಲಿನಲ್ಲಿ ಹೋದರೆ ಥಾಣೆಗೆ ಸುತ್ತು ಹಾಕಿ ಗಾಡಿ ಬದಲಿಸಬೇಕು, ಇವತ್ತು ಗಾಡಿಗಳೆಲ್ಲ ತಡ. ಬಸ್ಸಿನ ಸುಳಿವಿಲ್ಲ. ಸೇತುವೆ ಎಂದ ಕೂಡಲೇ ರಿಕ್ಷಾದವರು ಮುಖ ತಿರುಗಿಸುತ್ತಾರೆ.

ಹಾಗಾಗಿ ಕೈ ಎತ್ತುತ್ತೀರಿ.

ಎಲ್ಲಿ ನಿಲ್ಲಬೇಕು ಎನ್ನುವುದೇ ಮೊದಲ ಕಷ್ಟ. ಊರಿನ ಹೆದ್ದಾರಿಯಲ್ಲಾದರೆ ಲಾರಿಯವನು ನಿಮ್ಮನ್ನು ಅರ್ಧ ಮೈಲಿಯಿಂದಲೇ ನೋಡುತ್ತಾನೆ, ಮನಸ್ಸು ಮಾಡಲು ಅವನಿಗೆ ಪುರುಸೊತ್ತಿದೆ. ಇಲ್ಲಿ ಹಸಿರು ದೀಪ ಬಿದ್ದರೆ ನಿಲ್ಲಲು ಹಿಂದಿನವನು ಬಿಡುವುದಿಲ್ಲ. ಕೆಂಪು ಬಿದ್ದಾಗ ನಿಂತವನು ಮೂರನೇ ಸಾಲಿನಲ್ಲಿರುತ್ತಾನೆ. ಸಿಗ್ನಲ್ ದಾಟಿ ಒಂದಷ್ಟು ಮುಂದೆ, ಗಾಡಿ ಬದಿಗೆ ಎಳೆಯಲು ಜಾಗವಿರುವ ಕಡೆ ಹೋಗುತ್ತೀರಿ. ಅಲ್ಲಿ ಕಣಕಾಲು ಮುಳುಗುವಷ್ಟು ನೀರು.

ಎತ್ತಿದ ಕೈ ಬೇಗ ಸೋಲುತ್ತದೆ. ಭುಜಕ್ಕಿಂತ ಮೊದಲು ಸೋಲುವುದು ಮುಖ. ಗಾಜು ಏರಿಸಿದ ಕಾರುಗಳು, ಒಳಗೆ ಒಬ್ಬೊಬ್ಬರೇ. ಒಬ್ಬಾಕೆ ನಿಮ್ಮನ್ನು ನೋಡಿಯೂ ನೇರ ದಾರಿಗೆ ಕಣ್ಣು ನೆಡುತ್ತಾಳೆ, ಬಾಗಿಲ ಲಾಕು ಟಕ್ಕೆನ್ನುತ್ತದೆ. ಬೇಸರಪಡಬೇಡಿ. ಅಪರಿಚಿತನನ್ನು ಹತ್ತಿಸಿಕೊಳ್ಳುವವರ ಭಯ ನಿಮ್ಮ ಭಯಕ್ಕಿಂತ ಚಿಕ್ಕದಲ್ಲ.

ಬಿಳಿ ವ್ಯಾನೊಂದು ನಿಲ್ಲುತ್ತದೆ. ‘ಮುಲುಂಡ್, ಪನ್ನಾಸ್!’ ಐವತ್ತು ರೂಪಾಯಿ. ಒಳಗೆ ಆಗಲೇ ತೊಡೆಗೆ ತೊಡೆ ತಾಗಿಸಿ ಕೂತ ಮಂದಿ. ಖಾಸಗಿ ನಂಬರ್ ಪ್ಲೇಟಿನ ಬಾಡಿಗೆ ಗಾಡಿ. ನೀವು ಹಿಂಜರಿಯುವಷ್ಟರಲ್ಲಿ ಬೇರೊಬ್ಬ ನುಗ್ಗಿ ಬಾಗಿಲೆಳೆದುಕೊಳ್ಳುತ್ತಾನೆ.

ಆಮೇಲೆ ಒಂದು ಹಳೆಯ ವ್ಯಾಗನ್ ಆರ್. ಡ್ಯಾಶ್‌ಬೋರ್ಡಿನ ಮೇಲೆ ಮಡಚಿಟ್ಟ ‘ಕರ್ನಾಟಕ ಮಲ್ಲ’. ಮುಂಬೈಯಲ್ಲಿ ಆ ಕನ್ನಡ ಪತ್ರಿಕೆ ಕಂಡರೆ ಕಾರಿನೊಳಗೆ ಯಾವ ಮಾತು ನಡೆಯುತ್ತದೆ ಎಂದು ಕೇಳಬೇಕಿಲ್ಲ. ಗಾಜಿಗೆ ಬಾಗುತ್ತೀರಿ.

‘ಸಾರ್, ಮುಲುಂಡ್ ಕಡೆಗಾ?’

ಐವತ್ತು ದಾಟಿದ ಮುಖ ನಿಮ್ಮ ಬೂಟು, ಬ್ಯಾಗು, ಕೈ ಎಲ್ಲವನ್ನೂ ನೋಡುತ್ತದೆ. ವೈಪರ್ ಎರಡು ಸಲ ಆಚೀಚೆ ಹೋಗುತ್ತದೆ. ಹಿಂದೆ ಹಾರ್ನು.

‘ಬನ್ನಿ ಮಾರಾಯ್ರೆ, ಬೇಗ ಹತ್ತಿ.’

ಸೀಟು ಬೆಚ್ಚಗಿದೆ. ಸೊಂಟದಿಂದ ನೀರು ಇಳಿದು ಅವರ ಸೀಟನ್ನು ಒದ್ದೆ ಮಾಡುವುದು ಗೊತ್ತಾಗಿ ಮುದುಡುತ್ತೀರಿ. ಗಾಡಿ ಸೇತುವೆಯ ಕಡೆ ತಿರುಗುತ್ತದೆ, ಅಷ್ಟರಲ್ಲಿ ಎದುರಿಗೆ ಹಳದಿ ಬ್ಯಾರಿಕೇಡು. ಬಿಳಿ ಅಂಗಿಯ ಮೇಲೆ ರೇನ್‌ಕೋಟು ತೊಟ್ಟ ಕೈ ಮೇಲೇಳುತ್ತದೆ.

ಅವರ ಬೆರಳುಗಳು ಸ್ಟೇರಿಂಗ್ ಮೇಲೆ ಬಿಗಿಯಾಗುತ್ತವೆ. ಯಾಕೆಂದು ನಿಮಗೆ ಗೊತ್ತು. 2018ರ ಜೂನ್‌ನಲ್ಲಿ, ಇಂಥದೇ ಮಳೆಯಲ್ಲಿ, ಇದೇ ಐರೋಲಿ ಸರ್ಕಲ್‌ನಲ್ಲಿ ಒಬ್ಬ ಕಾರು ಚಾಲಕ ಒಬ್ಬ ವೃದ್ಧರೂ ಸೇರಿ ಮೂವರಿಗೆ ಲಿಫ್ಟು ಕೊಟ್ಟಿದ್ದ. ಸಂಚಾರಿ ಪೊಲೀಸರು ಲೈಸೆನ್ಸು ತೆಗೆದುಕೊಂಡರು. ಆತ ಕೋರ್ಟಿಗೆ ಹೋಗಿ ದಂಡ ಕಟ್ಟಬೇಕಾಯಿತು. ದೇಶವೆಲ್ಲ ಸುದ್ದಿಯಾಯಿತು. ಹಾಕಿದ್ದು 1988ರ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್, ಪರ್ಮಿಟ್ಟಿಲ್ಲದೆ ಬಾಡಿಗೆ ಹೊಡೆಯುವ ಗಾಡಿಗಳಿಗೆಂದು ಇರುವಂಥದ್ದು. ಬಾಡಿಗೆ ಪಡೆಯದವನ ಮೇಲೆ ಅದನ್ನು ಹೊರಿಸಿದ್ದು ಅನ್ಯಾಯವೆಂದೇ ನಾನು ನಂಬುತ್ತೇನೆ. ಆದರೆ ಆ ಬಿಳಿ ವ್ಯಾನಿಗೂ ಈ ವ್ಯಾಗನ್ ಆರ್‌ಗೂ ಹೊರಗಿನಿಂದ ಏನು ವ್ಯತ್ಯಾಸ ಕಂಡೀತು?

‘ನಮ್ಮ ಭಾವನ ಮಗ ಅಂತ ಹೇಳ್ಲಾ?’ ತುಟಿ ಅಲ್ಲಾಡಿಸದೆ ಕೇಳುತ್ತಾರೆ.

ಎದೆ ಕಿವಿಯಲ್ಲಿ ಬಡಿಯುತ್ತಿದೆ. ಹೂಂ ಎನ್ನುವುದು ಸುಲಭ. ಆದರೆ ಅವರ ಹೆಸರೇ ನಿಮಗೆ ಗೊತ್ತಿಲ್ಲ. ಸುಳ್ಳು ಸಿಕ್ಕಿಬಿದ್ದರೆ ನೀವು ಇಳಿದು ನಡೆಯುತ್ತೀರಿ, ಕೋರ್ಟಿಗೆ ಅಲೆಯುವವರು ಅವರು.

‘ಬೇಡ ಸಾರ್. ಇದ್ದದ್ದೇ ಹೇಳಿ.’

ಗಾಜು ಇಳಿಯುತ್ತದೆ. ಮಳೆ ಒಳಗೆ ನುಗ್ಗುತ್ತದೆ. ‘ಕೋಣ್ ಆಹೇತ್ ಹೇ?’ ಯಾರಿವರು?

‘ಓಳಖ್ ನಾಹೀ ಸಾಹೇಬ್. ಪಾವುಸ್ ಹೋತಾ, ಮ್ಹಣೂನ್ ಘೇತಲಂ.’ ಪರಿಚಯವಿಲ್ಲ, ಮಳೆ ಇತ್ತು, ಹತ್ತಿಸಿಕೊಂಡೆ.

ಟೊಪ್ಪಿಯಂಚಿನ ನೀರು ತೊಟ್ಟಿಕ್ಕುತ್ತ ಮುಖ ನಿಮ್ಮ ಕಡೆ ತಿರುಗುತ್ತದೆ. ‘ಪೈಸೆ ಕಿತೀ ದಿಲೇ?’ ದುಡ್ಡೆಷ್ಟು ಕೊಟ್ಟಿರಿ?

‘ನಾಹೀ ದಿಲೇ.’ ನಿಮ್ಮ ದನಿ ನಿಮಗೇ ತೆಳ್ಳಗೆ ಕೇಳುತ್ತದೆ. ಕಣ್ಣು ತಪ್ಪಿಸಬಾರದು. ತಪ್ಪಿಸಿದರೆ ಮುಗಿಯಿತು. ಹಿಂದೆ ಹಾರ್ನುಗಳ ಸಾಲು, ಎಲ್ಲಿಯೋ ಬ್ರೇಕು ಕಿರುಚುತ್ತದೆ, ಒದ್ದೆ ಕೈ ಬಾನೆಟ್ಟಿನ ಮೇಲೆ ಒಮ್ಮೆ ಬಡಿಯುತ್ತದೆ.

‘ಚಲಾ!’

ಸೇತುವೆ ಏರುವವರೆಗೂ ಇಬ್ಬರೂ ಮಾತಾಡುವುದಿಲ್ಲ. ಎಡಬಲಕ್ಕೆ ಖಾಡಿ ಕೆಸರುಬಣ್ಣದಲ್ಲಿ ಉಬ್ಬಿದೆ, ದಂಡೆಯ ಕಾಂಡ್ಲಾ ಗಿಡಗಳು ಕುತ್ತಿಗೆವರೆಗೆ ಮುಳುಗಿವೆ. ಟೋಲ್ ನಾಕಾದಲ್ಲಿ ಕಾರು ನಿಲ್ಲುವುದೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಮುಂಬೈಯ ಐದೂ ಪ್ರವೇಶದ್ವಾರಗಳಲ್ಲಿ ಲಘು ವಾಹನಗಳಿಗೆ ಟೋಲ್ ಮನ್ನಾ ಆಯಿತು. ಕಾರಿನವರಿಗೆ ಒಳ್ಳೆಯದೇ. ಆದರೆ ಕಾರುಗಳು ಒಂದು ಕ್ಷಣ ನಿಧಾನಿಸಬೇಕಾಗಿದ್ದ ಜಾಗವೊಂದು ಲಿಫ್ಟು ಕೇಳುವವರ ಪಾಲಿಗೆ ಇಲ್ಲವಾಯಿತು.

ಮುಲುಂಡ್‌ನಲ್ಲಿ ಗಾಡಿ ಬದಿಗೆಳೆಯುತ್ತಾರೆ. ಒದ್ದೆ ಸೀಟು ನೋಡಿ ಅಭ್ಯಾಸದಂತೆ ನಿಮ್ಮ ಕೈ ಜೇಬಿಗೆ ಹೋಗುತ್ತದೆ. ಐವತ್ತರ ನೋಟು ಅರ್ಧ ಹೊರಬಂದಿದೆ.

ಅವರು ನಿಮ್ಮ ಮಣಿಕಟ್ಟು ಹಿಡಿದು ಅದನ್ನು ಜೇಬಿಗೇ ಒತ್ತುತ್ತಾರೆ.

‘ದುಡ್ಡು ಕೊಟ್ಟಿಲ್ಲ ಅಂತ ಹೇಳಿ ಬಂದಿದ್ದೀರಲ್ಲ. ಅದು ಹಾಗೇ ಇರ್ಲಿ.’