ಮಾಳಿಗೆಯ ಮೋಹ

ಬಾಳುವುದಕ್ಕೆ ಬಾರದ ಮನೆಯ ಮೇಲೆ ಮನಸ್ಸು ಬಿದ್ದರೆ ಅದಕ್ಕೆ ಮದ್ದಿಲ್ಲ. ಕೊಳ್ಳೋಣವೆಂದರೆ ಹೆಂಡತಿ ನಗುತ್ತಾಳೆ. ಮರೆಯೋಣವೆಂದರೆ ವರ್ಷವರ್ಷವೂ ಅದೇ ದಾರಿಯಲ್ಲಿ ಹೋಗಬೇಕು. ನನ್ನ ಮನಸ್ಸು ಬಿದ್ದಿರುವುದು ಕೌತಾಳಂನ ಓಣಿಯೊಂದರಲ್ಲಿರುವ ಮಣ್ಣಿನ ಮಾಳಿಗೆಯ ಮೇಲೆ. ನಮಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಶ್ರಾವಣ ಬಂತೆಂದರೆ ಬಳ್ಳಾರಿ, ರಾಯಚೂರು ಕಡೆಯ ಜನವೆಲ್ಲ ಉರುಕುಂದ ಈರಣ್ಣನ ದರ್ಶನಕ್ಕೆ ಹೊರಡುತ್ತಾರೆ, ನಾವೂ ಹೊರಡುತ್ತೇವೆ. ಆದೋನಿ ದಾಟಿ ಕೌತಾಳಂನಲ್ಲಿ ಚಹಕ್ಕೆ ಇಳಿದವನು ಸುಮ್ಮನೆ ಓಣಿ ಹೊಕ್ಕೆ. ಅಷ್ಟೇ.

ತಲೆಬಾಗಿಲಿಗೆ ದೊಡ್ಡ ಬೀಗ ಜಡಿದಿದ್ದಾರೆ. ಪಕ್ಕದ ಗೋಡೆಯೋ ಎತ್ತಿನಗಾಡಿ ನುಗ್ಗುವಷ್ಟು ಅಗಲಕ್ಕೆ ಕುಸಿದಿದೆ. ಬೀಗ ಯಾರಿಗಾಗಿ ಎಂದು ಕೇಳಬಾರದು. ಪಿತ್ರಾರ್ಜಿತ ಆಸ್ತಿಗೆ ಬೀಗ ಹಾಕುವುದು ಕಳ್ಳರಿಗೆ ಹೆದರಿಯಲ್ಲ, ದಾಯಾದಿಗಳಿಗೆ ಹೆದರಿ.

ಗೋಡೆ ಬಿದ್ದರೂ ಮಾಳಿಗೆ ನಿಂತಿರುವುದನ್ನು ಕಂಡು ಮೊದಲು ಬೆರಗಾದೆ. ಆಮೇಲೆ ಅರ್ಥವಾಯಿತು: ಇಲ್ಲಿ ಮಾಳಿಗೆಯ ಭಾರ ಹೊತ್ತಿರುವುದು ಗೋಡೆಯಲ್ಲ, ಕಂಬ. ಎರಡು ಮೂರು ಅಡಿ ದಪ್ಪದ ಕಲ್ಲುಗೋಡೆ ಬಿಸಿಲಿಗೂ ಕಳ್ಳನಿಗೂ ಅಡ್ಡ, ಅಷ್ಟೇ. ಒಳಗೆ ಮರದ ಕಂಬಗಳ ಸಾಲು, ಕಂಬದ ತಲೆಗೆ ಕೆತ್ತಿದ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಒತ್ತೊತ್ತಾಗಿ ಜಂತಿ, ಜಂತಿಯ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ಸೊಪ್ಪು, ಎಲ್ಲದರ ಮೇಲೆ ಮಣ್ಣು. ಮನೆ ಎಷ್ಟು ದೊಡ್ಡದೆಂದು ಕೇಳಿದರೆ ಇಲ್ಲಿಯ ಹಿರಿಯರು ಚದರಡಿ ಹೇಳುವುದಿಲ್ಲ, ಕಂಬಗಳ ನಡುವಿನ ಅಂಕಣದ ಲೆಕ್ಕ ಹೇಳುತ್ತಾರೆ. ಬಾಗಿಲು ದಾಟಿದರೆ ಮೊದಲು ತಗ್ಗು, ಅಲ್ಲಿ ದನ, ಗ್ವಾದಲಿ. ಒಂದು ಮೆಟ್ಟಿಲು ಮೇಲೆ ಪಡಸಾಲೆ, ಅಲ್ಲಿ ಮನುಷ್ಯರು. ಎತ್ತಿಗೂ ಯಜಮಾನನಿಗೂ ಇದ್ದ ಅಂತರ ಒಂದೂವರೆ ಅಡಿ. ರಾತ್ರಿ ಎತ್ತು ಮೆಲುಕು ಹಾಕುವುದು ನಿಂತರೆ ಯಜಮಾನನಿಗೆ ಎಚ್ಚರವಾಗುತ್ತಿತ್ತಂತೆ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಮೇಲಿನ ಮಣ್ಣು. ಹೊಲದ ಫಲವತ್ತಾದ ಮಣ್ಣು ಮಾಳಿಗೆಗೆ ಬಾರದು, ಸವಳು ಮಣ್ಣೇ ಬೇಕು. ಸವಳಿನಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಒದ್ದೆಯಾದಾಗ ಆ ನುಣುಪು ಕಣಗಳು ಮಣ್ಣಿನ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಇದೇ ಗುಣ ರೈತನಿಗೆ ಶಾಪ: ನೀರು ಇಂಗದು, ಬೇರು ಉಸಿರಾಡದು, ಬಿತ್ತಿದ್ದು ಏಳದು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಸವಳು ಹಿಡಿದ ಹೊಲಗಳ ಗೋಳನ್ನು ಈ ಕಡೆ ಬೇಕಾದಷ್ಟು ಕೇಳಬಹುದು. ಹೊಲ ಕೆಡಿಸುವ ಮಣ್ಣನ್ನೇ ಹೊತ್ತು ತಂದು ಮನೆ ಕಾಯಲು ಕೂರಿಸಿದವರ ಜಾಣತನಕ್ಕೆ ಕೈಮುಗಿಯಬೇಕು. ಅವರಿಗೆ ಸೋಡಿಯಂ ಗೊತ್ತಿರಲಿಲ್ಲ, ನಾಲಗೆಯ ಮೇಲಿಟ್ಟುಕೊಂಡರೆ ಉಪ್ಪೋ ಅಲ್ಲವೋ ಗೊತ್ತಾಗುತ್ತಿತ್ತು.

ಆದರೆ ಈ ಜಾಣತನಕ್ಕೆ ವರ್ಷವೂ ಬಾಡಿಗೆ ಕಟ್ಟಬೇಕು. ಮುಂಗಾರಿಗೆ ಮುಂಚೆ ಮಾಳಿಗೆ ಹತ್ತಿ, ಹುಲ್ಲು ಕಿತ್ತು, ಇಲಿಬಿಲ ಮುಚ್ಚಿ, ಹೊಸ ಸವಳು ಹರಡಿ ತುಳಿಯಬೇಕು. ಅಜ್ಜ ಒಂದು ಪದರ, ಅಪ್ಪ ಒಂದು ಪದರ, ಮಗ ಒಂದು ಪದರ. ಒಂದಡಿ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು ಅರ್ಧ ಟನ್ ತೂಗುತ್ತದೆ, ನೆನೆದರೆ ಇನ್ನೂ ಹೆಚ್ಚು. ಕೆಳಗಿನ ಜಂತಿಗೆ ಮಾತ್ರ ಯಾರೂ ಹೊಸ ಬಲ ಕೊಡುವುದಿಲ್ಲ, ಗೆದ್ದಲು ಇದ್ದಬದ್ದದ್ದನ್ನೂ ತಿನ್ನುತ್ತದೆ. ಮಣ್ಣು ಹಾಕದಿದ್ದರೆ ಸೋರಿ ಬೀಳುತ್ತದೆ, ಹಾಕಿದರೆ ಭಾರಕ್ಕೆ ಬೀಳುತ್ತದೆ. ಇಷ್ಟು ಕಾಲ ಬೀಳದೆ ನಿಂತದ್ದೇ ದೊಡ್ಡದು.

ಈಗ ಮಣ್ಣು ಹಾಕುವವರಾದರೂ ಎಲ್ಲಿ? ಕೌತಾಳಂ, ಕೋಸಿಗಿ ಕಡೆಯ ಮಂದಿ ಸುಗ್ಗಿ ಮುಗಿಯುತ್ತಲೇ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ, ತೆಲಂಗಾಣಕ್ಕೆ ಹತ್ತಿ ಬಿಡಿಸಲು ಹೋಗುತ್ತಾರೆ, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಕುಟುಂಬ ಕುಟುಂಬವೇ ಗುಳೆ ಎದ್ದ ಓಣಿಯಲ್ಲಿ ಯಾರ ಮಾಳಿಗೆಯನ್ನು ಯಾರು ತುಳಿಯಬೇಕು?

ಗೋಡೆ ಕುಸಿದ ಕಡೆಯಿಂದ ಒಳಗೆ ಹೆಜ್ಜೆ ಇಟ್ಟಾಗ ಎದುರುಮನೆಯ ಮುದುಕಿ ಗದರಿದಳು. “ಒಳಗ ಹೋಗಬ್ಯಾಡಪ್ಪಾ, ಮ್ಯಾಲೆ ಬಿದ್ರೆ ನಾವು ಹೊಣೆ ಅಲ್ಲ.” ನಾನು ಪಡಸಾಲೆಯವರೆಗೆ ಹೋಗಿಯೇ ಬಂದೆ. ಶ್ರಾವಣದ ಧಗೆ ಹೊರಗೇ ಉಳಿಯಿತು. ಗವಾಕ್ಷಿಯಿಂದ ಇಳಿದ ಒಂದು ಬಿಲ್ಲೆ ಬಿಸಿಲು ಒರಳುಕಲ್ಲಿನ ಪಕ್ಕ ಬಿದ್ದಿತ್ತು. ಅದು ಯಾವ ಕಂಬ ಮುಟ್ಟಿದರೆ ರೊಟ್ಟಿಗೆ ಒಲೆ ಹಚ್ಚುತ್ತಿದ್ದರೋ ಎಂದು ಲೆಕ್ಕ ಹಾಕುತ್ತ ನಿಂತೆ. ಗೋಡೆಯ ಗೂಡಿನಲ್ಲಿ ದೀಪದ ಮಸಿ ಹಾಗೇ ಇತ್ತು. ಪಡಸಾಲೆಯ ನಡುವೆ, ಅಂದದ ಎರಡು ಕಂಬಗಳ ಮಧ್ಯೆ, ಹಸಿ ಇಟ್ಟಿಗೆಯ ಒಂದು ಕುರೂಪಿ ಗೋಡೆ: ಅಣ್ಣತಮ್ಮಂದಿರು ಪಾಲಾದ ಗುರುತು.

ಹೊರಬಂದು, “ಎಂಥಾ ಮನೆ ಅವ್ವಾ!” ಎಂದೆ. ಮುದುಕಿ ನನ್ನನ್ನು ಮರುಕದಿಂದ ನೋಡಿದಳು. “ನೋಡೋರಿಗೆ ಚಂದಪ್ಪಾ. ಮಳೀಗಾಲದಾಗ ಇರುಳೆಲ್ಲ ಹಾಸಿಗಿ ಎಳಕೊಂಡು ತಿರುಗಿದೋರು ನಾವು. ಕೂಸಿನ ಮ್ಯಾಲೆ ಚೇಳು ಬಿದ್ರೆ ಗೊತ್ತಾಕ್ಕಿತ್ತು ನಿನಗ.” ಅವಳೂ ಇಂಥದೇ ಮಾಳಿಗೆಯ ಮನೆಗೆ ಸೊಸೆಯಾಗಿ ಬಂದವಳು. 2009ರ ಸೆಪ್ಟೆಂಬರ್ ಕೊನೆಗೆ ಬಿಡದೆ ಸುರಿದು, ಅಕ್ಟೋಬರ್ ಮೊದಲಿಗೆ ತುಂಗಭದ್ರೆ ಮಂತ್ರಾಲಯವನ್ನೇ ಮುಳುಗಿಸಿದ ಆ ಮಳೆಯಲ್ಲಿ ಹೊಳೆಯ ಈಚೆ ಆಚೆ ಮಣ್ಣಿನ ಮನೆಗಳು ಕೂತಕೂತಲ್ಲೇ ಕರಗಿದವು. ಅವಳದೂ ಹೋಯಿತು. ಈಗ ಆರ್‌ಸಿಸಿ. “ಬ್ಯಾಸಗಿಗೆ ಹೆಂಗವ್ವಾ?” ಎಂದೆ. “ಕೆಂಡ ಐತಿ. ಆದ್ರ ಮೈಮ್ಯಾಲೆ ಬೀಳಂಗಿಲ್ಲಲ್ಲ!” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಣ್ಣಿನ ಮನೆಯ ತಂಪನ್ನು ಹೊಗಳಿ ಬರೆಯುವವರೆಲ್ಲ ಸ್ಲ್ಯಾಬಿನ ಕೆಳಗೆ ಮಲಗುವವರೇ, ನಾನು ಅವರಲ್ಲೊಬ್ಬ.

ಎದುರಿನ ಮಾಳಿಗೆ ಮನೆಗೆ ನೂರು ವರ್ಷ ದಾಟಿದೆ ಎನ್ನುತ್ತಾಳೆ ಅವಳು. ಹಾಗಿದ್ದರೆ ಅದು ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಆದೋನಿ ತಾಲ್ಲೂಕಿನಲ್ಲಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೂ ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೂ ಹೋದವು. ಒಂದು ಜಂತಿಯೂ ಅಲುಗದೆ ಮನೆ ರಾಜ್ಯ ಬದಲಿಸಿತು. ಮುದುಕಿ ನನ್ನೊಡನೆ ಕನ್ನಡ, ಮೊಮ್ಮಗನೊಡನೆ ತೆಲುಗು, ಎಮ್ಮೆಯೊಡನೆ ಎರಡೂ ಆಡಿದಳು.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಒಂದು ಪರಂಪರೆಯ ಗ್ರಾಮವನ್ನೇ ಕಟ್ಟಿದರು. ನಮ್ಮ ಬಯಲುಸೀಮೆಯ ಕುಕನೂರಿನ ಕಮಲ ಮಹಲೂ ಅಲ್ಲಿದೆ. ಅದನ್ನು ನೋಡಿದವನಿಗೆ ಕೌತಾಳಂನ ಕಂಬಗಳನ್ನೂ ಹೀಗೆ ಬಿಚ್ಚಿಸಬಹುದಲ್ಲ ಎಂಬ ಆಸೆ ಹುಟ್ಟದಿರದು. ಮರ ಬರುತ್ತದೆ, ನಿಜ. ಸವಳು ಮಣ್ಣನ್ನು, ದನದ ತಗ್ಗನ್ನು, ಆ ಕುರೂಪಿ ಪಾಲಿನ ಗೋಡೆಯನ್ನು ಯಾರು ತರುತ್ತಾರೆ? ತಂದರೂ ಅಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಬಾಳಲಾಗದ ಮನೆ ಅಲ್ಲಿಯೂ ಬಾಳಲಾಗದ ಮನೆಯೇ, ಸೋರುವುದಿಲ್ಲ ಅಷ್ಟೇ.

ಮಾರುತ್ತಾರೇನು ಎಂದು ಮುದುಕಿಯನ್ನು ಮೆಲ್ಲಗೆ ಕೇಳಿದೆ. ಹಳೆ ಮರದ ವ್ಯಾಪಾರಿಗಳು ಬಂದು ಕಂಬ ಎಣಿಸಿಕೊಂಡು ಹೋಗಿದ್ದಾರಂತೆ. ಪಾಲುದಾರರೆಲ್ಲ ಒಪ್ಪಿದ್ದಾರೆ, ಒಬ್ಬನದು ಮಾತ್ರ ಸಹಿ ಬಾಕಿ. ಅವನು ದುಡಿಯಲು ಹೋದವನು ಊರಿಗೆ ಬಂದಿಲ್ಲ. ಆ ಸಹಿ ಬೀಳುವತನಕ ಮನೆ ನಿಂತಿರುತ್ತದೆ. ಅವನು ಬೇಗ ಬಾರದಿರಲಿ ಎಂದು ಉರುಕುಂದದಲ್ಲಿ ಹರಕೆ ಹೊರುವ ಮನಸ್ಸಾಯಿತು. ಕಂಡವರ ಮಗ ಊರಿಗೆ ಬರಬಾರದೆಂದು ಈರಣ್ಣನ ಮುಂದೆ ಬೇಡಿಕೊಳ್ಳುವುದು ಹೇಗೆ? ಹರಕೆಯ ಮಾತೆತ್ತದೆ ಕಾಯಿ ಒಡೆಸಿಕೊಂಡು ಬಂದೆ.